ಎಡಚಿ ಅಲ್ಜಿಯಾಳ ಮದರಂಗಿ

ಸಮುದ್ರದಂಚಿನ ಮರಳುನಾಡಿನ ಊರು ಶೆನಿನ್ನಿಯ ತೋಟಗಳಲ್ಲಿ ಮದರಂಗಿ ಕೊಯ್ಯುವಾಗ ಹೆಂಗಸರು ಸಾಲು ಹಿಡಿದು ಕುಕ್ಕರುಗಾಲಲ್ಲಿ ಕೂರುತ್ತಾರೆ. ಮೇಲೆ ಖರ್ಜೂರದ ಮರ, ಅದರ ಕೆಳಗೆ ದಾಳಿಂಬೆ, ದಾಳಿಂಬೆಯ ನೆರಳಿಗೆ ಮೊಣಕಾಲುದ್ದದ ಮದರಂಗಿ ಮಡಿಗಳು. ಎಡಗೈಯಲ್ಲಿ ಗಿಡದ ಜುಟ್ಟು ಹಿಡಿಯುವುದು, ಬಲಗೈಯ ಕುಡುಗೋಲನ್ನು ಬುಡಕ್ಕೆ ಹಾಕಿ ಎಳೆಯುವುದು, ಕೊಯ್ದ ಹಿಡಿಯನ್ನು ಮಗ್ಗುಲಿಗಿಟ್ಟು ಒಂದು ಹೆಜ್ಜೆ ಮುಂದಕ್ಕೆ ಸರಿಯುವುದು. ಇಪ್ಪತ್ತು ಹೆಂಗಸರಿದ್ದರೂ ಒಬ್ಬಳ ಕೈ ಇನ್ನೊಬ್ಬಳಿಗೆ ತಾಗುವುದಿಲ್ಲ. ತಿಜಾನಿಯ ಮಗಳು ಅಲ್ಜಿಯಾ ತನ್ನ ಒಂಬತ್ತನೇ ವಯಸ್ಸಿನಲ್ಲಿ ಆ ಸಾಲಿನಲ್ಲಿ ಮೊದಲ ಸಲ ಕೂತ ಬೆಳಿಗ್ಗೆ, ಬಿಸಿಲು ಏರುವುದರೊಳಗೆ ಪಕ್ಕದವಳ ಮೊಣಕೈಗೆ ಮೂರು ಸಲ ಗುದ್ದಿದ್ದಳು.

ಪಕ್ಕದವಳು ವಸೀಲಾ, ಚಾಪೆ ಹೆಣೆಯುವವರ ಮನೆಯ ಹುಡುಗಿ. ಅವಳಿಗೂ ಒಂಬತ್ತೇ.

"ಏ, ನಿನ್ ಕೈ ಯಾಕೆ ನನ್ ಕಡೆ ಬರ್ತಿದೆ? ಎಲ್ರ ಕೈನೂ ಆ ಕಡೆ ಹೋಗ್ತಿಲ್ವಾ?"

"ನನ್ ಕೈ ಇರೋದೇ ಈ ಕಡೆ!" ಎಂದು ಅಲ್ಜಿಯಾ ಕುಡುಗೋಲು ಹಿಡಿದಿದ್ದ ಎಡಗೈ ಎತ್ತಿ ತೋರಿಸಿದಳು. ಸಾಲಿಗೆ ಸಾಲೇ ನಕ್ಕಿತು. ಅವತ್ತಿನಿಂದ ಅವಳಿಗೆ ಎಡಚಿ ಎಂಬ ಹೆಸರು ಅಂಟಿಕೊಂಡಿತು.

ತಿಜಾನಿ ನಗಲಿಲ್ಲ. ಮಗಳ ಕೊಯ್ಲು ನೋಡಿದ. ಕುಡುಗೋಲಿನ ಹಲ್ಲಿನಂಥ ಕಕ್ಕೆಲ್ಲ ಬಲಗೈಯವರಿಗೆಂದು ಹೊಡೆದದ್ದು. ಎಡಗೈಯಲ್ಲಿ ಹಿಡಿದರೆ ಅದು ಕಡ್ಡಿಯನ್ನು ಕೊಯ್ಯದೆ ಜಗಿಯುತ್ತಿತ್ತು. ಮದರಂಗಿಯ ಬುಡ ಹಾಗೆ ಜಗಿದರೆ ಮುಂದಿನ ಚಿಗುರು ಸೊರಗುತ್ತದೆ. ಮರುದಿನವೇ ಅವನು ಕತ್ತೆ ಹತ್ತಿ ಗಾಬೆಸ್ ಪೇಟೆಗೆ ಹೋಗಿ ಕಮ್ಮಾರನ ಮುಂದೆ ಕೂತ.

"ಒಂದು ಕುಡುಗೋಲು ಬೇಕು. ಕಕ್ಕು ಆ ಮಗ್ಗುಲಿಗಲ್ಲ, ಈ ಮಗ್ಗುಲಿಗೆ ಹೊಡಿ."

"ಯಾಕಪ್ಪಾ, ಕನ್ನಡಿ ಒಳಗಿನೋರು ಕೊಯ್ತಾರಾ?" ಎಂದ ಕಮ್ಮಾರ.

"ನನ್ ಮಗಳು ಕೊಯ್ತಾಳೆ. ಹೊಡಿ."

ಆ ಕುಡುಗೋಲು ಬಂದ ಮೇಲೆ ಅಲ್ಜಿಯಾಳನ್ನು ಸಾಲಿನ ಎಡತುದಿಗೆ ಕೂರಿಸಿದರು. ಹದಿನೈದು ತುಂಬುವಷ್ಟರಲ್ಲಿ ಅವಳು ಮಡಿಯ ಆ ತುದಿ ಮುಟ್ಟಿ ನೀರು ಕುಡಿದು ಮುಗಿಸಿದರೂ ಉಳಿದವರು ನಡುವಿನಲ್ಲೇ ಇರುತ್ತಿದ್ದರು.

ಮನೆಯಲ್ಲಿ ಮಾತ್ರ ಎಡಗೈಗೆ ಬಿಡುಗಡೆ ಇರಲಿಲ್ಲ. ಅಲ್ಜಿಯಾಳ ತಾಯಿ ಜ್ವರದಲ್ಲಿ ತೀರಿಕೊಂಡಾಗ ಅವಳಿನ್ನೂ ಅಂಬೆಗಾಲಿಡುತ್ತಿದ್ದಳು. ಎತ್ತಿ ಆಡಿಸಿ ಬೆಳೆಸಿದವಳು ದೊಡ್ಡಮ್ಮ ದಲಂದಾ, ತಾಯಿಯ ಒಡಹುಟ್ಟಿದ ಅಕ್ಕ. ಅವಳೂ ವಿಧವೆ, ಮಕ್ಕಳಿರಲಿಲ್ಲ, ಬಾಯಿ ಜೋರು, ಕೈ ಮೃದು. ಸುತ್ತಲಿನ ಏಳು ತೋಟಗಳಲ್ಲಿ ಮದುಮಗಳಿಗೆ ಮದರಂಗಿ ಹಚ್ಚುವುದು ಅವಳ ಕಸುಬು. ಅಲ್ಜಿಯಾ ಊಟಕ್ಕೆ ಎಡಗೈ ಚಾಚಿದರೆ ಆ ಕೈಯನ್ನು ತಲೆವಸ್ತ್ರದಿಂದ ಸೊಂಟಕ್ಕೆ ಕಟ್ಟಿಬಿಡುತ್ತಿದ್ದಳು. ಊಟ ಬಲಗೈಗೆ ಬಂತು. ಉಳಿದದ್ದು ಯಾವುದೂ ಬರಲಿಲ್ಲ.

"ಖಾಲ್ತಿ, ನಂಗೂ ಹಚ್ಚೋಕೆ ಕಲಿಸು," ಎಂದು ಅಲ್ಜಿಯಾ ದೊಡ್ಡಮ್ಮನನ್ನು ಗೋಗರೆಯುತ್ತಿದ್ದಳು.

"ಒರಳಿಗೆ ಎಲೆ ಹಾಕಿ ಕುಟ್ಟು, ವಸ್ತ್ರಗಾಳಿಸು, ಬಿಸಿನೀರಿಗೆ ದಾಳಿಂಬೆ ಸಿಪ್ಪೆ ಹಾಕಿ ಕಲಸು. ಅಷ್ಟೇ ನಿನ್ ಕೆಲಸ. ಎಡಗೈಲಿ ಹಚ್ಚಿದ್ರೆ ಮದುಮಗಳು ಗಂಡನ ಮನೆ ಬಾಗಿಲಿಗೆ ಬೆನ್ನು ಹಾಕಿ ವಾಪಸ್ ಬರ್ತಾಳೆ ಅಂತಾರೆ. ನನ್ ಹೆಸರಿಗೆ ಮಸಿ ಬಳೀಬೇಡ."

ಹಾಗಾಗಿ ಅಲ್ಜಿಯಾ ಕುಟ್ಟಿದಳು, ಜರಡಿ ಹಿಡಿದಳು, ಕಲಸಿದಳು. ಹದವಾಗಿ ನೆನೆದ ಮದರಂಗಿ ಬೆರಳಿಗೆ ಜೇನಿನ ಹಾಗೆ ನೂಲೆಳೆಯಬೇಕು. ಅದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತು. ಮದುಮಗಳು ಸಿಗದ ಮೇಲೆ ಬೇಡ ಎನ್ನದವರನ್ನೆಲ್ಲ ಹುಡುಕಿಕೊಂಡಳು. ತಲೆನೋವಿನ ಮುದುಕಿಯರ ನೆತ್ತಿಗೆ ಮೆತ್ತಿದಳು. ಮಸೀದಿಗೆ ಹೋಗುವ ಅಜ್ಜಂದಿರ ಗಡ್ಡ ಕೆಂಪಾಗಿಸಿದಳು. ಹಬ್ಬದ ಕುರಿಯ ಹಣೆಗೆ ಎಲ್ಲರೂ ಒಂದು ಬೊಟ್ಟಿಟ್ಟು ಸುಮ್ಮನಾದರೆ, ಅವಳು ಕುರಿಯ ಬೆನ್ನ ತುಂಬ ನಕ್ಷತ್ರ ಬಿಡಿಸಿದಳು. ಕೊಯ್ಯುವ ಮನಸ್ಸೇ ಬರುವುದಿಲ್ಲ ಎಂದು ತಿಜಾನಿ ಗೊಣಗಿದ, ಕೊನೆಗೆ ಕೊಯ್ದ.

ಹದಿನೇಳನೇ ವಯಸ್ಸಿನಲ್ಲಿ ಅವಳ ಕಣ್ಣು ಮನೆಯ ಬಿಳಿ ಕತ್ತೆಯ ಮೇಲೆ ಬಿತ್ತು. ದೊಡ್ಡಮ್ಮ ಮದುವೆಯ ಹಸೆಗೆ ಹೋಗಿದ್ದ ಒಂದು ಮಧ್ಯಾಹ್ನ, ಉಳಿದ ಅರ್ಧ ಬೋಗುಣಿ ಮದರಂಗಿ ತೆಗೆದುಕೊಂಡು ಕತ್ತೆಯ ಗೊರಸಿನಿಂದ ಕಿವಿಯವರೆಗೆ ಬಳ್ಳಿ ಹಬ್ಬಿಸಿದಳು. ಬಳ್ಳಿಯಲ್ಲಿ ಎಲೆ, ಎಲೆಗಳ ನಡುವೆ ಮದರಂಗಿ ಹೂವಿನ ಗೊಂಚಲು. ಮೇವು ಮುಂದಿಟ್ಟಿದ್ದರಿಂದ ಕತ್ತೆ ಅಲ್ಲಾಡಲಿಲ್ಲ. ಮರುದಿನ ತಿಜಾನಿ ಅರೆನಿದ್ದೆಯಲ್ಲಿ ಅದರ ಮೇಲೆ ಮೂಟೆ ಹೇರಿ ನಸುಕಿಗೇ ಪೇಟೆಗೆ ಹೊರಟ. ಬೆಳಕು ಹರಿದಾಗ ಅವನು ಗಾಬೆಸ್‌ನ ಜಾರಾ ಪೇಟೆಯ ನಟ್ಟನಡುವೆ ಇದ್ದ.

"ಓ ಸೀ ತಿಜಾನಿ! ಮದುವೆ ಯಾವಾಗ?" ಎಂದು ಒಬ್ಬ ಯಜಮಾನರಿಗೆ ಹಚ್ಚುವ 'ಸೀ' ಹಚ್ಚಿ ಕೂಗಿದ.

"ಗಂಡು ಯಾರ ಮನೇದು? ಕುದುರೇನಾ?"

"ನಮ್ಮನ್ನ ಕರೀದೇ ಇದ್ದೀಯ ಮತ್ತೆ!"

ಬೆಳ್ಳುಳ್ಳಿ ಮಾರುವವನು ಕತ್ತೆಯ ಮುಂದೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ಮದುವೆಮನೆಯ ಹೆಂಗಸರಂತೆ ಲುಲುಲು ಎಂದು ನಾಲಗೆ ಆಡಿಸಿದ. ಇಡೀ ಪೇಟೆ ಶುಭ ಹಾರೈಸಿತು. ಮೊದಲು ಕಿವಿಯವರೆಗೆ ಕೆಂಪಾದ ತಿಜಾನಿ ಆಮೇಲೆ ತಾನೇ ನಗತೊಡಗಿ, ಹಣೆ ಮುಟ್ಟಿಕೊಂಡು ಎಲ್ಲರ ಹಾರೈಕೆಯನ್ನೂ ಸ್ವೀಕರಿಸಿದ. ಕತ್ತೆಯನ್ನು ನೋಡಬಂದವರು ಮೂಟೆಯನ್ನೂ ನೋಡಿದರು. ಹೊತ್ತೇರುವುದರೊಳಗೆ ಅವನ ಎಲೆಯೆಲ್ಲ ಖರ್ಚಾಯಿತು.

ಮನೆಗೆ ಬಂದಾಗ ದಲಂದಾ ಸೊಂಟಕ್ಕೆ ಕೈ ಕೊಟ್ಟು ಬಾಗಿಲಲ್ಲೇ ನಿಂತಿದ್ದಳು. ಬೈಗುಳವೆಲ್ಲ ನಾಲಗೆಯ ತುದಿಗೆ ಬಂದಿತ್ತು. ಕತ್ತೆ ಅವಳೆದುರು ಹಾದುಹೋಯಿತು. ದಲಂದಾ ಅದರ ಹಿಂದೆ ಹೋದಳು, ಕೊಟ್ಟಿಗೆಯಲ್ಲಿ ಸುತ್ತ ಒಂದು ಸಲ ಬಂದಳು, ಇನ್ನೊಂದು ಸಲ ಬಂದಳು.

"ಈ ಬಳ್ಳಿ ಎಲ್ಲೂ ತುಂಡಾಗಿಲ್ಲ," ಎಂದಳು ಕೊನೆಗೆ. "ಎಲ್ಲಿ ಕಲ್ತೆ?"

"ನಿನ್ನ ನೋಡಿ ಕಲ್ತೆ. ಎದುರುಗಡೆ ಕೂತು ನೋಡ್ತಿದ್ನಲ್ಲ, ನಿನ್ನ ಬಲಗೈ ಮಾಡಿದ್ದನ್ನ ನನ್ನ ಎಡಗೈ ಮಾಡ್ತು."

ದಲಂದಾ ಬೈಗುಳ ನುಂಗಿಕೊಂಡು ಒಳಗೆ ಹೋದಳು. ಆದರೆ ಮದುವೆಮನೆಗೆ ಮಾತ್ರ ಅವಳನ್ನು ಮೊದಲಿನ ಹಾಗೆ ಬೋಗುಣಿ ಹಿಡಿಯುವುದಕ್ಕಷ್ಟೇ ಕರೆದೊಯ್ದಳು.

ಅದೇ ಹೊತ್ತಿಗೆ ಲಝರ್ ಅವರ ತೋಟಕ್ಕೆ ಬರತೊಡಗಿದ. ಖರ್ಜೂರದ ಮರ ಹತ್ತುವುದು ಅವನ ಕೆಲಸ. ಗಂಡುಹೂವನ್ನು ಹೆಣ್ಣುಮರದ ಹೊಂಬಾಳೆಗೆ ಕಟ್ಟುವುದು, ಒಣಗರಿ ಸವರುವುದು, ಮುದಿ ಮರದ ನೆತ್ತಿ ಕೆತ್ತಿ ಬೆಳಗಿನ ಸಿಹಿನೀರಾ ಇಳಿಸುವುದು. ತೆಳ್ಳಗೆ ಉದ್ದಕ್ಕಿದ್ದ, ಮರದ ಮೇಲೆ ಕೂತು ಹಾಡುತ್ತಿದ್ದ. ಒಂದು ದಿನ ಮರದಿಂದಿಳಿದವನು ಕುಂಟುತ್ತ ಬಂದ. ಅಂಗಾಲು ನೋಡಿದರೆ ನೀರು ಬತ್ತಿದ ಕಾಲುವೆಯ ಕೆಸರು ಬಿಸಿಲಿಗೆ ಒಡೆದ ಹಾಗೆ ಬಿರುಕು ಬಿಟ್ಟಿತ್ತು.

"ಅಲ್ಜಿಯಾ, ಒಂದು ಬೋಗುಣಿ ಕಲಸ್ಕೊಂಡ್ ಬಾ," ಎಂದು ತಿಜಾನಿ ಕೂಗಿದ. ಮೆತ್ತುವ ಕೆಲಸವನ್ನು ತಾನೇ ವಹಿಸಿಕೊಂಡ. ಪರರ ಮನೆಯ ಗಂಡಸಿನ ಕಾಲನ್ನು ಮಗಳು ಮುಟ್ಟುವ ಹಾಗಿರಲಿಲ್ಲ. ಅಲ್ಜಿಯಾ ನಾಲ್ಕು ಮಾರು ದೂರದಲ್ಲಿ ದಾಳಿಂಬೆ ಗಿಡದ ಬುಡದಲ್ಲಿ ನಿಂತು ಇಬ್ಬರಿಗೂ ಅಪ್ಪಣೆ ಕೊಟ್ಟಳು.

"ಬಾಬಾ, ಗೋಡೆಗೆ ಮಣ್ಣು ಬಡಿದಂಗೆ ಬಡೀಬೇಡ. ಬಿರುಕಿನ ಒಳಕ್ಕೆ ಒತ್ತು. ನೀವು ಕಾಲು ಅಲ್ಲಾಡಿಸ್ಬೇಡಿ. ಒಣಗೋ ತನಕ ನೆಲಕ್ಕೆ ಊರೋ ಹಾಗಿಲ್ಲ."

"ಎಷ್ಟು ಹೊತ್ತು?" ಎಂದ ಲಝರ್.

"ಮೂರು ಗಂಟೆ."

ಲಝರ್ ಮಲಗಿಸಿದ್ದ ಖರ್ಜೂರದ ದಿಮ್ಮಿಯ ಮೇಲೆ ಎರಡೂ ಕಾಲು ಚಾಚಿ ಅಂಗಾತ ಬಿದ್ದುಕೊಂಡ. ಸುಮ್ಮನಿರುವ ಜಾಯಮಾನ ಅವನದಲ್ಲ.

"ಮೇಲಿಂದ ನೋಡಿದ್ರೆ ಏನ್ ಕಾಣುತ್ತೆ ಗೊತ್ತಾ ಸೀ ತಿಜಾನಿ? ಹೆಂಗಸರೆಲ್ಲ ಕೊಯ್ತಾ ಇರ್ತಾರಲ್ಲ, ಅಷ್ಟೂ ಕುಡುಗೋಲು ಒಂದು ಕಡೆ ಮಿಂಚುತ್ತೆ. ಕೊನೇಲಿ ಒಂದು ಮಾತ್ರ ಬೇರೆ ಕಡೆ ಮಿಂಚುತ್ತೆ. ಪಕ್ಕದ ತೋಟದ ಮರ ಹತ್ತುತ್ತಿದ್ದಾಗಿಂದ, ಕಳೆದ ವರ್ಷದಿಂದ ನೋಡ್ತಿದೀನಿ."

"ನೀನು ಮರದ ಮೇಲೆ ಕೆಲಸ ಮಾಡ್ತೀಯೋ, ಕೆಳಗೆ ನೋಡ್ತೀಯೋ?" ಎಂದು ತಿಜಾನಿ ಕೇಳಿದ.

"ಎರಡೂ. ಅದಕ್ಕೇ ಕಾಲು ಒಡೆದಿರೋದು."

ದಾಳಿಂಬೆಯ ಹಿಂದಿನಿಂದ ಕಿಸಕ್ಕೆಂದು ನಗೆ ಕೇಳಿತು.

ಮುಂದಿನ ಶುಕ್ರವಾರ ಮತ್ತೆ ಬಂದ, ಕೈಯಲ್ಲಿ ನೀರಾ ಗಡಿಗೆ. ಅದರ ಮುಂದಿನ ಶುಕ್ರವಾರವೂ ಬಂದ. ನಾಲ್ಕನೇ ವಾರ ತಿಜಾನಿ ಅವನ ಪಾದ ಎತ್ತಿ ಹಿಡಿದು, ಹೆಬ್ಬೆರಳಿನಿಂದ ಹಿಮ್ಮಡಿ ಒತ್ತಿ ನೋಡಿದ.

"ಮಗು ಕೆನ್ನೆ ಇದ್ದಂಗಿದೆಯಲ್ಲೋ! ಎಲ್ಲಿದೆ ಬಿರುಕು?"

"ಒಳಗಡೆ ಇದೆ ಸೀ ತಿಜಾನಿ. ಬಹಳ ಒಳಗಡೆ."

"ಹಾಗಾದ್ರೆ ನಿಮ್ಮಮ್ಮನ ಕಳ್ಸು. ಹೆಂಗಸರಿಗೆ ಒಳಗಿನದು ಚೆನ್ನಾಗಿ ಕಾಣುತ್ತೆ," ಎಂದು ತಿಜಾನಿ ಬೋಗುಣಿ ಎತ್ತಿಕೊಂಡು ಹೊರಟೇಬಿಟ್ಟ.

ಲಝರ್‌ನ ತಾಯಿ ಬರುವ ಮೊದಲೇ, ಅದೇ ಶರತ್ಕಾಲದಲ್ಲಿ, ವಸೀಲಾಳ ಮದುವೆ ಬಂತು. ಫ್ರೆಂಚರು ದೇಶ ಬಿಟ್ಟುಹೋದ ಮರುವರ್ಷ ಅದು. ಎಲ್ಲರಿಗೂ ಮದುವೆಯ ಹುರುಪು. ಗಂಡಿನ ತಾಯಿ ಮೊಂಜಿಯಾ ದೊಡ್ಡ ಮೈಯ, ದೊಡ್ಡ ದನಿಯ ಹೆಂಗಸು. ಅವಳು ಬೀದಿಯಲ್ಲಿ ಬರುತ್ತಿದ್ದರೆ ಕಾಲಿನ ಬೆಳ್ಳಿ ಕಡಗದ ಸದ್ದಿಗೆ ಕೋಳಿಗಳು ದಾರಿ ಬಿಡುತ್ತಿದ್ದವು. ಸೊಸೆಯ ಮದರಂಗಿ ಕತ್ತಲಂತೆ ಕಪ್ಪಗೆ ಏರಬೇಕು, ದಲಂದಾಳ ಕೈಯಿಂದಲೇ ಆಗಬೇಕು ಎಂದು ಆರು ತಿಂಗಳ ಹಿಂದೆಯೇ ಹೇಳಿಹೋಗಿದ್ದಳು.

ಮದರಂಗಿಯ ದಿನ ಬೆಳಿಗ್ಗೆ ಬೀದಿಯ ಮಾಳಿಗೆಗಳ ಮೇಲೆಲ್ಲ ಚಪ್ಪರದ ನೆರಳಿಗೆ ಎರಡನೇ ಕೊಯ್ಲಿನ ಎಲೆ ಹರಡಿತ್ತು. ಸಮುದ್ರದ ಕಡೆಯಿಂದ ಒಂದು ಮೋಡ ಬಂತು. ಅದು ದಾಟಿಹೋಗುತ್ತದೆಂದು ಎಲ್ಲರೂ ಅಂದುಕೊಂಡರು. ಅದು ದಾಟಲಿಲ್ಲ. ಒಣಗುವ ಮದರಂಗಿಗೆ ಒಂದು ಹನಿ ಬಿದ್ದರೆ ಸಾಕು, ಎಲೆ ಕಪ್ಪಾಗಿ ಬಣ್ಣ ಸತ್ತುಹೋಗುತ್ತದೆ. ಬೀದಿಗೆ ಬೀದಿಯೇ ಏಣಿ ಹತ್ತಿತು. ಮದುವೆಗೆ ಬಂದ ನೆಂಟರು ಹೊಸಬಟ್ಟೆಯಲ್ಲೇ ಹತ್ತಿದರು. ಹೆಂಗಸರು ತಲೆವಸ್ತ್ರ ಬಿಚ್ಚಿ ಎಲೆ ಕಟ್ಟಿದರು, ಚಾಪೆ ಸುರುಳಿ ಸುತ್ತಿದರು, ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಗಂಟು ಎಸೆದರು. ಯಾರದ್ದು ಯಾರ ಮನೆಗೆ ಹೋಯಿತೋ ಲೆಕ್ಕವಿಲ್ಲ. ಮಳೆ ಜೋರಾಗಿ ಹಿಡಿದುಕೊಂಡಾಗ ಎಲೆಯೆಲ್ಲ ಒಳಗಿತ್ತು, ಜನವೆಲ್ಲ ತೊಯ್ದು ತೊಪ್ಪೆಯಾಗಿ ಕೇಕೆ ಹಾಕುತ್ತಿದ್ದರು. ಕೊನೆಯ ಗಂಟು ಹೊತ್ತು ಇಳಿಯುತ್ತಿದ್ದ ದಲಂದಾ ಏಣಿಯ ಕೊನೆಯ ಮೆಟ್ಟಿಲಲ್ಲಿ ಜಾರಿದಳು. ಗಂಟು ಬಿಡಲಿಲ್ಲ. ಬಿದ್ದ ಭಾರವೆಲ್ಲ ಬಲಗೈ ಮಣಿಕಟ್ಟಿನ ಮೇಲೆ ಬಿತ್ತು.

ಮೂಳೆ ಕಟ್ಟುವ ಮುದುಕ ಬಂದು ಖರ್ಜೂರದ ಗರಿಯ ದಬ್ಬೆಯಿಟ್ಟು ಬಿಗಿದ. "ನಲವತ್ತು ದಿನ ಈ ಕೈಗೆ ರಜ," ಎಂದ.

ಮಧ್ಯಾಹ್ನ ವಸೀಲಾಳ ಮನೆಯಲ್ಲಿ ಹೆಂಗಸರೆಲ್ಲ ನೆರೆದಿದ್ದರು. ಧೂಪ ಏರುತ್ತಿತ್ತು, ಮಣ್ಣಿನ ತಮಟೆ ಬಡಿಯುತ್ತಿತ್ತು. ಕೆಂಪು ಮುಸುಕಿನೊಳಗೆ ಮದುಮಗಳು ಗೋಡೆಗೊರಗಿ ಕೂತಿದ್ದಳು. ಕೈಯನ್ನು ಕೊರಳಿಗೆ ಜೋಲಿ ಕಟ್ಟಿಕೊಂಡು ಬಂದ ದಲಂದಾಳನ್ನು ನೋಡಿ ತಮಟೆ ನಿಂತಿತು.

"ಅಯ್ಯೋ ನನ್ ಕರ್ಮವೇ," ಎಂದಳು ಮೊಂಜಿಯಾ. "ಈಗ ಯಾರು ಹಚ್ತಾರೆ? ಕೆತ್ತಾನಾ ಊರಿನ ಮದರಂಗಿಯವಳನ್ನ ಕರೆಸೋಣಾ ಅಂದ್ರೆ ಬರೋಷ್ಟರಲ್ಲಿ ನಾಳೆಯಾಗುತ್ತೆ."

ಬೋಗುಣಿ ಹಿಡಿದು ಬಾಗಿಲ ಬಳಿ ನಿಂತಿದ್ದ ಅಲ್ಜಿಯಾ ನೆಲ ನೋಡುತ್ತಿದ್ದಳು. ಅವತ್ತು ಮಾತಾಡಬಾರದವಳು ಮದುಮಗಳೊಬ್ಬಳೇ. ಅವಳೇ ಮುಸುಕಿನೊಳಗಿಂದ ಮಾತಾಡಿದಳು.

"ಅಲ್ಜಿಯಾ ಹಚ್ಲಿ."

"ಆ ಎಡಚೀನಾ?" ಮೊಂಜಿಯಾಳ ಕಡಗ ಝಲ್ಲೆಂದಿತು. "ನನ್ನ ಸೊಸೆಗೆ ಎಡಗೈ ಮದರಂಗೀನಾ? ಬೇಕಾದ್ರೆ ಬಲಗೈಲಿ ಹಚ್ಲಿ. ಇಲ್ಲಾಂದ್ರೆ ಬೇಡ."

ಅಲ್ಜಿಯಾ ಬಂದು ಕೂತಳು. ವಸೀಲಾಳ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಆ ಊರಿನ ಕ್ರಮದಲ್ಲಿ ಮೊದಲು ಅಂಗೈ ಮೇಲೆ ಬಿಳಿ ನೂಲನ್ನು ಬಳ್ಳಿಯಾಕಾರಕ್ಕೆ ಕೂರಿಸಬೇಕು. ಅದರ ಮೇಲೆ ಮದರಂಗಿ ಮೆತ್ತಿ, ಒಣಗಿದ ಮೇಲೆ ನೂಲೆಳೆದರೆ ಕೆಂಪಿನ ನಡುವೆ ಬಿಳಿ ಗೆರೆ ನಿಲ್ಲುತ್ತದೆ. ಬಲಗೈಯಲ್ಲಿ ಅವಳು ನೂಲು ಹಿಡಿದಳು. ನೂಲು ಸುತ್ತಿಕೊಂಡಿತು. ಹೇಗೋ ಕೂರಿಸಿ ಮದರಂಗಿ ಇಟ್ಟರೆ ಅದು ದಪ್ಪಗೆ ಬಿದ್ದು ಮಣಿಕಟ್ಟಿಗೆ ಹರಿಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಲ್ಜಿಯಾಳ ಕಿವಿ ಬಿಸಿಯಾಯಿತು. ವಸೀಲಾಳ ಕಿರುಬೆರಳು ಮಾತ್ರ ಅವಳ ಮೊಣಕಾಲನ್ನು ಮೆಲ್ಲಗೆ ಒತ್ತಿತು.

"ಒರೆಸು," ಎಂದು ಹಿಂದಿನಿಂದ ದಲಂದಾಳ ದನಿ ಬಂತು. "ಎಲ್ಲಾ ಒರೆಸಿ ತೆಗಿ. ನೂಲನ್ನ ಎಡಗೈಗೆ ತಗೋ."

"ದಲಂದಾ!" ಎಂದಳು ಮೊಂಜಿಯಾ.

"ಏನು? ಮೊಂಜಿಯಾ, ನಿನ್ ಮಗ ಹುಟ್ಟಿದ ದಿನ ಜ್ಞಾಪಕ ಇದ್ಯಾ? ಎರಡು ದಿನ ನೋವು ತಿಂದೆ. ಕೊನೆಗೆ ಅವನ್ನ ಹೊರಗೆ ತಂದೋಳು ಯಾರು?"

"ಸೂಲಗಿತ್ತಿ ಖದ್ರಾ. ದೇವರು ಅವಳಿಗೆ ಒಳ್ಳೇದು ಮಾಡ್ಲಿ. ಅದಕ್ಕೂ ಇದಕ್ಕೂ ಏನು?"

"ನಾನು ದೀಪ ಹಿಡ್ಕೊಂಡ್ ನಿಂತಿದ್ದೆ. ಖದ್ರಾ ಎಡಚಿ. ಎಡಗೈಲೇ ನಿನ್ ಮಗನ್ನ ಎಳೆದಿದ್ದು, ಎಡಗೈಲೇ ಹೊಕ್ಕಳುಬಳ್ಳಿ ಕೊಯ್ದಿದ್ದು. ನಿಂಗೆ ಅವತ್ತು ಕೈ ನೋಡೋ ಪುರುಸೊತ್ತಿರ್ಲಿಲ್ಲ ಅಷ್ಟೇ."

ಮೊದಲು ನಕ್ಕದ್ದು ಮುಸುಕಿನೊಳಗಿನ ಮದುಮಗಳು. ಆಮೇಲೆ ತಮಟೆಯವಳು. ಆಮೇಲೆ ಮೊಂಜಿಯಾಳ ದೊಡ್ಡ ಹೊಟ್ಟೆ ಕುಲುಕತೊಡಗಿತು. ಕಣ್ಣೊರೆಸಿಕೊಳ್ಳುತ್ತ ಅವಳು ಗೋಡೆಗೆ ಒರಗಿದಳು.

"ಅದಕ್ಕೇ ಆ ಹುಡುಗ ಹೇಳಿದ್ದಕ್ಕೆಲ್ಲ ಉಲ್ಟಾ ಮಾಡೋದು! ಈಗ ಗೊತ್ತಾಯ್ತು. ಹಚ್ಚು ಕಣೇ ಹುಡುಗಿ, ಹಚ್ಚು. ಅವನಿಗೆ ತಕ್ಕಂಥ ಹೆಂಡತಿನೇ ಆಗ್ಲಿ."

ಎಡಗೈಗೆ ನೂಲು ಬಂದದ್ದೇ ಅಲ್ಜಿಯಾಳ ಉಸಿರು ಹಗುರಾಯಿತು. ಕತ್ತೆಯ ಬೆನ್ನ ಮೇಲೆ ಹಬ್ಬಿದ್ದ ಬಳ್ಳಿ ಈಗ ವಸೀಲಾಳ ಅಂಗೈಯಲ್ಲಿ ಸಣ್ಣದಾಗಿ, ನಯವಾಗಿ ಹಬ್ಬಿತು. ಬೆರಳ ತುದಿಗಳಿಗೆ ಟೋಪಿ ತೊಡಿಸಿದಳು. ಪಾದಗಳಿಗೆ ಮದರಂಗಿಯದೇ ಚಪ್ಪಲಿ ಹೊಲಿದಳು. ತಮಟೆ ಮತ್ತೆ ಶುರುವಾಗಿ, ಹಾಡು ಏರಿ, ಅಜ್ಜಿಯೊಬ್ಬಳು ಎದ್ದು ಸೊಂಟ ಆಡಿಸಿದರೂ ಅವಳ ಕಣ್ಣು ಅಂಗೈ ಬಿಟ್ಟು ಕದಲಲಿಲ್ಲ. ಪಕ್ಕದಲ್ಲಿ ಕೂತ ದಲಂದಾ ಆಗಾಗ "ಕೆಂಡದ ಶಾಖ ತೋರ್ಸು", "ತೆಳ್ಳಗೆ", "ಹ್ಞೂ, ಹಂಗೇ" ಎನ್ನುತ್ತಿದ್ದಳು. ಕೊನೆಗೆ ಅದನ್ನೂ ಬಿಟ್ಟಳು. ಎಲ್ಲ ಮುಗಿದಾಗ ಕೈಕಾಲುಗಳಿಗೆ ಹತ್ತಿಬಟ್ಟೆ ಸುತ್ತಿ ಕಟ್ಟಿದರು.

ಮರುದಿನ ಬೆಳಿಗ್ಗೆ ಕಟ್ಟು ಬಿಚ್ಚುವಾಗ ಅಲ್ಜಿಯಾಳಿಗೆ ನೋಡುವ ಧೈರ್ಯವಿರಲಿಲ್ಲ. ಅಂಗಳದ ಬಾವಿಯ ಬಳಿ ನಿಂತಿದ್ದಳು. ಒಳಗಿನಿಂದ ಲುಲುಲು ಎಂಬ ಕೂಗು ಎದ್ದಿತು. ಒಂದಲ್ಲ, ಇಡೀ ಮನೆಯದು. ಮೊಂಜಿಯಾ ಝಲ್‌ಝಲ್ಲೆಂದು ಹೊರಬಂದಳು, ಅಲ್ಜಿಯಾಳ ಎಡಗೈ ಹಿಡಿದು ಎಳೆದಳು.

"ಹಣ್ಣಾದ ಖರ್ಜೂರದ ಬಣ್ಣ ಕಣೇ! ಒಂದು ಗೆರೆ ಮುರಿದಿಲ್ಲ. ಬಾ ಇಲ್ಲಿ, ಬೋಗುಣೀಲಿ ಉಳಿದಿದ್ರೆ ನಂಗೂ ಹಚ್ಚು. ನನ್ ಮದುವೇಲಿ ಹಚ್ಚಿದೋಳು ಬಲಗೈಯೋಳೇ, ಎರಡೇ ದಿನಕ್ಕೆ ಮಾಸಿಹೋಯ್ತು."

ಅಲ್ಜಿಯಾ ಹಚ್ಚಿದಳು. ಅವತ್ತು ಸಂಜೆಯವರೆಗೂ ಆ ಮನೆಯಲ್ಲಿ ಅಂಗೈ ಚಾಚದೆ ಉಳಿದ ಹೆಂಗಸಿರಲಿಲ್ಲ.

ಮನೆಗೆ ನಡೆಯುವಾಗ ದಾರಿಯಲ್ಲಿ ದಲಂದಾ ಕಾಲುವೆಯ ಪಕ್ಕ ನಿಂತಳು.

"ಆ ಕೈನ ನಾನು ಸೊಂಟಕ್ಕೆ ಕಟ್ಟಾಕ್ತಿದ್ದೆ," ಎಂದಳು. "ನೋವಾಗ್ತಿತ್ತಾ?"

"ಇಲ್ಲ ಖಾಲ್ತಿ. ನೀನು ಗಂಟು ಸಡಿಲ ಹಾಕ್ತಿದ್ದೆ."

"ಸಡಿಲ ಹಾಕ್ತಿದ್ದೆ," ಎಂದು ದಲಂದಾ ಅದನ್ನೇ ಹೇಳಿಕೊಂಡಳು. ಆಮೇಲೆ ಮೂಗೊರೆಸಿಕೊಂಡು, ಮದುವೆಮನೆಯ ಕುಸ್‌ಕುಸ್ ಊಟಕ್ಕೆ ಮೀನು ಸಾಲಲಿಲ್ಲವೆಂದು ಬೈಯುತ್ತ ಮುಂದೆ ನಡೆದಳು.

ನಲವತ್ತು ದಿನ ಕಳೆದು ದಬ್ಬೆ ಬಿಚ್ಚಿದಾಗ ದಲಂದಾಳ ಮಣಿಕಟ್ಟು ಬಾಗಲಿಲ್ಲ. ಮೂಳೆ ಕೂಡಿತ್ತು, ಆದರೆ ಗಟ್ಟಿಯಾಗಿ ನಿಂತುಬಿಟ್ಟಿತ್ತು. ಎಣ್ಣೆ ನೀವಿದರೂ, ಬಿಸಿ ಮರಳಿನಲ್ಲಿ ಹೂತಿಟ್ಟರೂ ಅಷ್ಟೇ. ಎರಡು ದಿನ ಮುಖ ಊದಿಸಿಕೊಂಡು ಕೂತಳು. ಮೂರನೇ ದಿನ ಕೆತ್ತಾನಾದಿಂದಲೇ ಒಂದು ಮನೆಯವರು ಬಂದು, "ಎಡಗೈಯಲ್ಲಿ ಹಚ್ತಾಳಂತಲ್ಲ, ಆ ಹುಡುಗಿ ಯಾವಳು?" ಎಂದು ಕೇಳಿದಾಗ ಎದ್ದು ತಾನೇ ಬಾಗಿಲಿಗೆ ಹೋದಳು.

"ನನ್ ಹುಡುಗಿ," ಎಂದಳು. "ದಿನ ಯಾವತ್ತು ಹೇಳಿ. ಮೊದಲೇ ಹೇಳ್ಬಿಡ್ತೀನಿ, ಎಲೆ ನಮ್ಮ ತೋಟದ್ದೇ ಆಗ್ಬೇಕು."

ಆ ಚಳಿಗಾಲದಲ್ಲಿ ಲಝರ್‌ನ ತಾಯಿ ಬಂದಳು. ಬಾದಾಮಿ ಹಾಕಿದ ಚಹಾ ಕುಡಿದಳು, ಮಗನ ಅಂಗಾಲಿನ ಬಗ್ಗೆ ಉದ್ದಕ್ಕೂ ಮಾತಾಡಿದಳು, ಮಾತು ಗಟ್ಟಿ ಮಾಡಿಕೊಂಡೇ ಹೋದಳು. ಮದುವೆ ಬೇಸಿಗೆಗೆ ಎಂದಾಯಿತು.

ಮದುವೆ ಹತ್ತಿರ ಬಂದಾಗ ಎದ್ದದ್ದು ಒಂದೇ ಪ್ರಶ್ನೆ. ಎಲ್ಲರಿಗೂ ಹಚ್ಚುವವಳಿಗೆ ಹಚ್ಚುವವರು ಯಾರು? ವಸೀಲಾ ಆರು ತಿಂಗಳ ಬಸುರಿ, ಮೊಂಜಿಯಾಳ ತೋಳು ಹಿಡಿದು ಬಂದು, ತಾನು ಹಚ್ಚುತ್ತೇನೆಂದಳು. ಅವಳ ಗೆರೆ ಹೇಗಿರುತ್ತದೆಂದು ಗೊತ್ತಿದ್ದ ಎಲ್ಲರೂ ಬೇಡವೆಂದರು. ಕೆತ್ತಾನಾದವಳನ್ನು ಕರೆಸೋಣವೆಂದ ತಿಜಾನಿ. ಅಲ್ಜಿಯಾ ಯಾವುದಕ್ಕೂ ತಲೆಯಾಡಿಸಲಿಲ್ಲ.

"ಖಾಲ್ತಿ ಹಚ್ತಾಳೆ," ಎಂದಳು.

"ಯಾವ ಕೈಲಿ?" ದಲಂದಾ ಗಟ್ಟಿಯಾದ ಮಣಿಕಟ್ಟು ತೋರಿಸಿದಳು. "ಇದು ಒಲೆ ಊದೋ ಕೊಳವೆ ಆಗಿದೆ."

"ಇನ್ನೊಂದಿದೆಯಲ್ಲ."

ಮದರಂಗಿಯ ಮಧ್ಯಾಹ್ನ ದಲಂದಾ ತನ್ನ ಅರವತ್ತು ವರ್ಷದಲ್ಲಿ ಮೊದಲ ಸಲ ಎಡಗೈಯಲ್ಲಿ ನೂಲು ಹಿಡಿದಳು. ಹಣೆಯಲ್ಲಿ ಬೆವರು ಮೂಡಿತು. ನೂಲು ಎತ್ತಲೋ ಹೋಯಿತು, ಬಳ್ಳಿ ಹಳ್ಳಕ್ಕೆ ಬಿದ್ದ ಹಾವಾಯಿತು, ಎಲೆಯೆಲ್ಲ ಬೆಕ್ಕಿನ ಹೆಜ್ಜೆಯಾಯಿತು. ಹೆಂಗಸರು ನಗು ತಡೆದುಕೊಳ್ಳಲು ತಲೆವಸ್ತ್ರ ಕಚ್ಚಿಕೊಂಡರು.

"ನಗ್ರೇ, ನಗ್ರಿ," ಎಂದಳು ದಲಂದಾ, ಕಣ್ಣೆತ್ತದೆ. "ಈ ಕೈ ಈಗ ತಾನೇ ಹುಟ್ಟಿದೆ. ಏ ಹುಡುಗಿ, ನಿಂಗೆ ಇದು ಇಷ್ಟು ಸಲೀಸಾಗಿ ಹೆಂಗ್ ಬರುತ್ತೆ?"

"ಮಣಿಕಟ್ಟು ಬಿಗೀಬೇಡ ಖಾಲ್ತಿ. ನೂಲು ತಾನೇ ಹೋಗೋ ಕಡೆ ಬಿಡು."

"ತೆಳ್ಳಗೆ," ಎಂದಳು ಮೊಂಜಿಯಾ ಪಕ್ಕದಿಂದ. "ಹ್ಞೂ, ಹಂಗೇ."

ಆ ಮಾತಿಗೆ ಮನೆಯೇ ಹಾರಿಹೋಗುವಷ್ಟು ನಗೆ ಎದ್ದಿತು. ನಗುತ್ತ ನಗುತ್ತ ಅಲ್ಜಿಯಾಳ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈಗೆ ಮದರಂಗಿ. ದಲಂದಾ ತನ್ನ ತಲೆವಸ್ತ್ರದ ತುದಿಯಿಂದ ಅವಳ ಮುಖ ಒರೆಸಿದಳು.

ಮದುವೆಯ ಮರುದಿನ ಲಝರ್ ಹೆಂಡತಿಯ ಅಂಗೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ಬಣ್ಣ ಕಪ್ಪುಕೆಂಪಾಗಿ ಏರಿತ್ತು. ಗೆರೆ ಮಾತ್ರ ದಿಕ್ಕಾಪಾಲು.

"ಇದೇನೇ, ಕೋಳಿ ಓಡಾಡಿದಂಗಿದೆ?"

"ಖಾಲ್ತಿ ಎಡಗೈಲಿ ಹಚ್ಚಿದ್ದು."

ಲಝರ್ ಮತ್ತೊಮ್ಮೆ ನೋಡಿದ. "ಹಂಗಾದ್ರೆ ಚೆನ್ನಾಗಿದೆ. ಹೆಂಗಿದ್ರೂ ನಾನು ಅಳಿಸೋಕೆ ಬಿಡಲ್ಲ. ಇವತ್ತು ಪಾತ್ರೆ ನಾನೇ ತೊಳೀತೀನಿ."

ಹಾಗೆ ಹೇಳಿದ್ದಕ್ಕೆ ಹದಿನೈದು ದಿನ ತೊಳೆದ. ಅವನ ತಾಯಿಗೆ ಅದು ಹಿಡಿಸಲಿಲ್ಲ, ಬೀದಿಯ ಹೆಂಗಸರಿಗೆ ಬಹಳ ಹಿಡಿಸಿತು.

ಮುಂದೆ ಹನ್ನೊಂದು ವರ್ಷ, ದಲಂದಾಳ ಮೈಯಲ್ಲಿ ಕಸುವಿದ್ದಷ್ಟು ದಿನ, ದೊಡ್ಡಮ್ಮ, ಮಗಳು ಇಬ್ಬರೂ ಆ ಬಿಳಿ ಕತ್ತೆಯನ್ನೂ ಅದರ ಮರಿಯನ್ನೂ ಹತ್ತಿ ಮದುವೆಮನೆಗಳಿಗೆ ತಿರುಗಿದರು. ಆಗ ಬೋಗುಣಿ ಹಿಡಿಯುತ್ತಿದ್ದವಳು ದಲಂದಾ. ಬಣ್ಣ ಹೇಗೆ ಏರಿತೆಂದು ಯಾರಾದರೂ ಕೇಳಿದರೆ ಕಲಸಿದ್ದು ನಾನು ಎನ್ನುತ್ತಿದ್ದಳು. ವಸೀಲಾಳಿಗೆ ಮೊದಲು ಹುಟ್ಟಿದವನು ಗಂಡು. ಮೂರನೇ ತಿಂಗಳಿಗೇ ಮೊಂಜಿಯಾ ಗಿಲಕಿ ಆಡಿಸಿ, ಯಾವ ಕೈ ಚಾಚುತ್ತಾನೆಂದು ಪರೀಕ್ಷೆ ಮಾಡತೊಡಗಿದ್ದಳು.

ಪ್ರತಿ ವಸಂತಕ್ಕೆ ಅಲ್ಜಿಯಾ ಮದರಂಗಿಯ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಐದಾರು ದಿನ ನೀರು ಬದಲಿಸುತ್ತ ನೆನೆಸಿಡುತ್ತಾಳೆ. ಮೊಳಕೆ ಕಣ್ಣು ಬಿಟ್ಟ ಮೇಲೆ ಮರಳಿನೊಂದಿಗೆ ಬೆರೆಸಿ ಹೊಸ ಮಡಿಗೆ ಎರಚುತ್ತಾಳೆ. ಲಝರ್ ಕಾಲುವೆಯ ಬಾಯಿ ಬಿಡಿಸಿ ನೀರು ಹಾಯಿಸುತ್ತಾನೆ. ಹೂ ಬಿಟ್ಟರೆ ಎಲೆಯ ಬಣ್ಣ ಕುಂದುತ್ತದೆಂದು ಎಲ್ಲರೂ ಮೊದಲೇ ಕೊಯ್ದುಬಿಡುತ್ತಾರೆ. ಅವಳು ಮಾತ್ರ ಬೇಲಿಯ ಬದಿಯ ಒಂದು ಸಾಲನ್ನು ಹೂವಿಗೆಂದೇ ಬಿಡುತ್ತಾಳೆ. ದಂಡ ಎಂದು ತಿಜಾನಿ ಗೊಣಗುತ್ತಾನೆ, ಎರಡು ಗೊಂಚಲು ಕಿತ್ತು ತನ್ನ ಬಟ್ಟೆಯ ಪೆಟ್ಟಿಗೆಯಲ್ಲಿಟ್ಟುಕೊಳ್ಳುತ್ತಾನೆ. ಸಂಜೆ ಗಾಳಿ ಎದ್ದರೆ ಆ ಪರಿಮಳ ಕಾಲುವೆ ದಾಟಿ ಬೀದಿಗೆ ಹೋಗುತ್ತದೆ. ಹೆಂಗಸರು ಬೇಲಿಯ ಬಳಿ ಬಂದು ಸೆರಗೊಡ್ಡುತ್ತಾರೆ. ಅಲ್ಜಿಯಾ ಮಾತಾಡುತ್ತ, ನಗುತ್ತ, ಎಡಗೈಯಲ್ಲಿ ಕಿತ್ತು ಕಿತ್ತು ಹಾಕುತ್ತಾಳೆ.